ಒಂಟಿಯಾಗಿ ಉಳಿದ ನಾಯಿಯ ಅಂಜಿಕೆ

ಮೈಸೂರು ಜಿಲ್ಲೆಯ ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳ ಮೇಲಿನಿಂದ ಸುಮಾರು 20 ಮೀಟರು ಕೆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಅದರ ಮೊರೆತವು ಹಗಲಿರುಳೆನ್ನದೆ ಕೇಳಿಸುತ್ತಿರುವುದು. ಕೋದಂಡರಾಮ ದೇವಾಲಯದ ಗರ್ಭಗುಡಿಯೊಳಗೆ ಮಾತ್ರ ಈ ಸದ್ದು ಕೇಳಿಸದೆಂದು ಭಕ್ತರು ಹೇಳುವುದುಂಟು. ಆ ಮಾತು ಹಾಗಿರಲಿ. ಗುಡಿಯ ಹೊರಗೆ ನೆರಳಿನಲ್ಲಿ ಮಲಗಿರುವ ಬೀದಿನಾಯಿಗೂ ಆ ಸದ್ದು ಕೇಳಿಸುವಂತೆ ತೋರುವುದಿಲ್ಲ. ಇಷ್ಟು ದೊಡ್ಡ ಭೋರ್ಗರೆತದ ಪಕ್ಕದಲ್ಲಿ ಅದು ನಿಶ್ಚಿಂತೆಯಾಗಿ ನಿದ್ರಿಸುತ್ತದೆ. ಆದರೆ ತನಗೆ ಅನ್ನ ಹಾಕುವ ಮನೆಯ ಚಿಲಕ ಸರಿದ ಸಣ್ಣ ಸದ್ದಿಗೆ ಕಿವಿ ನಿಮಿರಿಸಿ ಎದ್ದು ನಿಲ್ಲುತ್ತದೆ.

ಶಬ್ದದ ತೀವ್ರತೆಯನ್ನು ಅಳೆಯುವ ಉಪಕರಣವನ್ನು ಕೇಳಿದರೆ ಜಲಪಾತವೇ ದೊಡ್ಡದೆಂದು ಹೇಳುವುದು. ನಾಯಿಗೆ ಚಿಲಕವೇ ದೊಡ್ಡದು. ಜಲಪಾತದ ಸದ್ದಿನ ಹಿಂದೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಏನೂ ಬರುವುದಿಲ್ಲ. ಆದಕಾರಣ ನಾಯಿ ಅದಕ್ಕೆ ಒಗ್ಗಿಹೋಗುತ್ತದೆ. ಚಿಲಕದ ಸದ್ದಿನ ಹಿಂದೆ ಅನ್ನ ಬರುತ್ತದೆ. ಯಾವುದರ ಹಿಂದೆ ಯಾವುದು ಬರುವುದೆಂಬುದನ್ನು ಗಮನಿಸುತ್ತಿರುವುದೇ ನಾಯಿಯ ವಿದ್ಯೆ. ಮನೆಯಲ್ಲಿ ಒಂಟಿಯಾಗಿ ಬಿಟ್ಟಾಗ ಕೂಗಿ ರಂಪ ಮಾಡುವ, ಹಜಾರವನ್ನು ಹೊಲಸು ಮಾಡುವ ನಾಯಿಯನ್ನು ತಿದ್ದುವ ಉಪಾಯವೂ ಈ ಒಂದು ಸಂಗತಿಯಲ್ಲಿಯೇ ಅಡಗಿದೆ. ನಾವು ಇದನ್ನು ತಪ್ಪು ಮಾಡಿ ಕಲಿತೆವು. ಆ ತಪ್ಪಿನಿಂದಲೇ ವಿಷಯವನ್ನು ಆರಂಭಿಸುವುದು ಯುಕ್ತ.

ಕೆಂಚನ ಕಥೆ

2020ರ ಸಂಕ್ರಾಂತಿಯ ದನಗಳ ಜಾತ್ರೆ ಮುಗಿದು ಗಾಡಿಗಳೆಲ್ಲ ತಮ್ಮ ತಮ್ಮ ಊರು ಸೇರಿದ ಮೇಲೆ, ಚುಂಚನಕಟ್ಟೆಯ ಜಾತ್ರೆಯ ಬಯಲಿನಲ್ಲಿ ಕೆಂಬಣ್ಣದ ನಾಯಿಮರಿಯೊಂದು ತಾಯಿಯಿಲ್ಲದೆ ಅಲೆಯುತ್ತಿತ್ತು. ಅದಕ್ಕೆ ಸುಮಾರು ಎರಡು ತಿಂಗಳ ವಯಸ್ಸಿದ್ದಿರಬಹುದು. ಅದನ್ನು ಮನೆಗೆ ತಂದು ಕೆಂಚನೆಂದು ಹೆಸರಿಟ್ಟೆವು. ಆ ಮಾರ್ಚಿಯಲ್ಲಿ ಕೋವಿಡ್ ರೋಗದ ದೆಸೆಯಿಂದ ದೇಶವೆಲ್ಲ ಮುಚ್ಚಿತು. ಕಾಲೇಜಿನ ಪಾಠವು ದೂರವಾಣಿಯ ಮೂಲಕ ನಡೆಯಿತು. ಎಂಟು ತಿಂಗಳ ಕಾಲ ಮನೆಯಲ್ಲಿ ಯಾರಾದರೊಬ್ಬರು ಇರದ ಗಳಿಗೆಯೇ ಇರಲಿಲ್ಲ. ಹಿತ್ತಿಲ ಬಾಗಿಲು ಸದಾ ತೆರೆದಿರುತ್ತಿದ್ದುದರಿಂದ ಕೆಂಚನು ಬೇಕಾದಾಗ ಹೊರಗೆ ಹೋಗಿ ಬರುತ್ತಿದ್ದನು. ಅವನಿಗೆ ಶೌಚದ ಶಿಸ್ತು ತಾನಾಗಿಯೇ ಬಂದಿತೆಂದು ನಾವು ಭ್ರಮಿಸಿದೆವು.

ನವೆಂಬರಿನಲ್ಲಿ ಕಾಲೇಜುಗಳು ಮತ್ತೆ ತೆರೆದುವು. ನಮ್ಮ ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು. ಒಂದು ಬೆಳಗ್ಗೆ ಎಂಟು ಗಂಟೆಗೆ ಬೀಗ ಹಾಕಿಕೊಂಡು ಹೊರಟು ಸಂಜೆ ಐದಕ್ಕೆ ಹಿಂದಿರುಗಿದೆವು. ಹಜಾರವೆಲ್ಲ ಹೊಲಸಾಗಿತ್ತು. ಬಾಗಿಲಿನ ಚೌಕಟ್ಟನ್ನು ಕೆಂಚನು ಕಡಿದು ಕೆರೆದಿದ್ದನು. ಅವನ ಮುಂಗಾಲಿನ ಉಗುರೊಂದು ಕಿತ್ತು ರಕ್ತ ಬಂದಿತ್ತು. ನಾವು ರಕ್ತವನ್ನು ನೋಡುವುದಕ್ಕೆ ಮುಂಚೆ ಹೊಲಸನ್ನು ನೋಡಿದೆವು. ಅವನ ಮೂತಿಯನ್ನು ಅದರ ಬಳಿಗೆ ಒತ್ತಿ, ಸುತ್ತಿದ ವೃತ್ತಪತ್ರಿಕೆಯಿಂದ ಹೊಡೆದೆವು. ಅವನು ಕಿವಿ ಮಡಿಚಿ, ಬಾಲವನ್ನು ಕಾಲಸಂದಿಗೆ ಸೇರಿಸಿ, ಮುಖ ತಿರುಗಿಸಿಕೊಂಡನು. ‘ತಪ್ಪು ಅರಿವಾಯಿತು’ ಎಂದು ನಾವು ಸಮಾಧಾನಪಟ್ಟೆವು.

ಮರುದಿನವೂ ಅದೇ ಆಯಿತು, ಅದರ ಮರುದಿನ ಹೆಚ್ಚಾಯಿತು. ವಾರ ಕಳೆಯುವುದರೊಳಗೆ ಕೇರಿಯವರು ದೂರು ಹೇಳತೊಡಗಿದರು. ಹೊಳೆಯಾಚೆ ಬಿಟ್ಟು ಬನ್ನಿರೆಂದು ಹಿರಿಯರೊಬ್ಬರು ಸಲಹೆ ಕೊಟ್ಟರು. ನಾವೂ ಮನಸ್ಸಿನಲ್ಲಿ ಅರ್ಧ ಒಪ್ಪಿದ್ದೆವು. ಪಕ್ಕದ ಮನೆಯ ಅಜ್ಜಿ ಮಾತ್ರ, “ಅದು ಹಟಕ್ಕೆ ಮಾಡ್ತಿಲ್ಲ ಮೇಷ್ಟ್ರೇ, ಎದರ್ಕೊಂಡು ಮಾಡ್ತದೆ. ನೀವು ಹೋದ ಗಳಿಗೆಯಿಂದ ಅಳ್ತಾನೇ ಇರ್ತದೆ” ಎಂದರು. ಪ್ರಯೋಗಶಾಲೆಯಲ್ಲಿ ಪಾಠ ಹೇಳುವ ನಾವು ಮಾಡದಿದ್ದ ವೀಕ್ಷಣೆಯನ್ನು ಅವರು ಮಾಡಿದ್ದರು.

ತಪ್ಪಿನ ಅರಿವೋ, ಗದರಿಕೆಯ ಭಯವೋ?

ನಾಯಿಯು ಸೇಡಿಗಾಗಿ ಹೊಲಸು ಮಾಡುವುದೆಂದೂ, ಮುದುರಿಕೊಳ್ಳುವುದು ತಪ್ಪೊಪ್ಪಿಗೆಯೆಂದೂ ಬಹುಜನರ ನಂಬಿಕೆ. ಇದನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಅಮೆರಿಕದ ವಿಜ್ಞಾನಿ 14 ನಾಯಿಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಡೆಯನು ತಿಂಡಿಯೊಂದನ್ನು ತೋರಿಸಿ, ತಿನ್ನಕೂಡದೆಂದು ಆಜ್ಞಾಪಿಸಿ ಕೋಣೆಯಿಂದ ಹೊರಗೆ ಹೋಗುವನು. ಕೆಲವು ಸಲ ನಾಯಿ ತಿಂಡಿಯನ್ನು ತಿಂದಿರುತ್ತದೆ, ಕೆಲವು ಸಲ ತಿಂದಿರುವುದಿಲ್ಲ. ಹಿಂದಿರುಗಿದ ಒಡೆಯನಿಗೆ ನಿಜವನ್ನಾಗಲಿ ಸುಳ್ಳನ್ನಾಗಲಿ ಹೇಳಿ, ಅದರಂತೆ ಅವನು ಗದರಿಸುವಂತೆಯೋ ಮುದ್ದಿಸುವಂತೆಯೋ ಮಾಡಲಾಯಿತು. ನಾಯಿಯ ‘ತಪ್ಪಿತಸ್ಥ’ ಮುಖವು ಅದು ತಿಂದಿತೇ ಬಿಟ್ಟಿತೇ ಎಂಬುದನ್ನು ಅನುಸರಿಸಲಿಲ್ಲ. ಒಡೆಯನು ಗದರಿಸಿದನೇ ಇಲ್ಲವೇ ಎಂಬುದನ್ನು ಅನುಸರಿಸಿತು. ತಿನ್ನದೆಯೇ ಗದರಿಸಿಕೊಂಡ ನಾಯಿಗಳು ಎಲ್ಲಕ್ಕಿಂತ ಹೆಚ್ಚಾಗಿ ಮುದುರಿಕೊಂಡುವು.

ಕೆಂಚನ ಮುಖದಲ್ಲಿ ನಾವು ಓದಿದ ತಪ್ಪೊಪ್ಪಿಗೆಯು ನಮ್ಮದೇ ಕೋಪದ ಪ್ರತಿಬಿಂಬವಾಗಿತ್ತು. ಹೊಡೆತದಿಂದ ಅವನು ಏನನ್ನು ಕಲಿತನು? ರಷ್ಯದ ಪಾವ್ಲೋವ್ ಪಂಡಿತನು ತಾಳಮಾಪಕದ ಟಿಕ್ ಟಿಕ್ ಸದ್ದಿನ ಬೆನ್ನಿಗೇ ಆಹಾರ ಕೊಡುವುದನ್ನು ರೂಢಿಮಾಡಿ, ಕೊನೆಗೆ ಸದ್ದಿನಿಂದಲೇ ನಾಯಿಯ ಬಾಯಲ್ಲಿ ಜೊಲ್ಲು ಬರುವಂತೆ ಮಾಡಿದ ಪ್ರಯೋಗವು ವಾಚಕರಿಗೆ ತಿಳಿದೇ ಇರುವುದು. ಎರಡು ಘಟನೆಗಳು ಒಂದಕ್ಕೊಂದು ಹೀಗೆ ಗಂಟುಬೀಳಬೇಕಾದರೆ ಅವುಗಳ ನಡುವಣ ಅಂತರವು ಕೆಲವೇ ಸೆಕೆಂಡುಗಳದಾಗಿರಬೇಕು. ಬೆಳಗ್ಗೆ ಒಂಬತ್ತಕ್ಕೆ ಮಾಡಿದ ಹೊಲಸಿಗೂ ಸಂಜೆ ಐದಕ್ಕೆ ಬಿದ್ದ ಏಟಿಗೂ ಎಂಟು ಗಂಟೆಗಳ ಅಂತರ. ಆ ಏಟು ಗಂಟುಬಿದ್ದುದು ಅದಕ್ಕೆ ಹತ್ತಿರವಿದ್ದ ಘಟನೆಗೆ, ಎಂದರೆ ನಮ್ಮ ಬರುವಿಕೆಗೆ. ಮೊದಲು ಅವನಿಗೆ ನಮ್ಮ ಹೋಗುವಿಕೆಯ ಭಯವೊಂದೇ ಇತ್ತು. ನಾವು ಅದಕ್ಕೆ ಬರುವಿಕೆಯ ಭಯವನ್ನೂ ಕೂಡಿಸಿದೆವು.

ಎರಡು ರೋಗ, ಎರಡು ಚಿಕಿತ್ಸೆ

ಹೊಲಸು ಮಾಡುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು; ಅವುಗಳನ್ನು ಬೆರೆಸಕೂಡದು. ಶೌಚದ ಅಭ್ಯಾಸವೇ ಆಗದ ನಾಯಿಯು ಮನೆಯಲ್ಲಿ ಜನರಿದ್ದಾಗಲೂ ಹೊಲಸು ಮಾಡುತ್ತದೆ. ಅಂಜಿದ ನಾಯಿಯು ಒಂಟಿಯಾದಾಗ ಮಾತ್ರ ಹಾಗೆ ಮಾಡುತ್ತದೆ. ಅದರೊಡನೆ ಕೂಗು, ಏದುಸಿರು, ಜೊಲ್ಲು, ಬಾಗಿಲು ಕಿಟಕಿಗಳನ್ನು ಕೆರೆಯುವುದು ಮೊದಲಾದುವೂ ಇರುತ್ತವೆ. ಮೂತ್ರಕೋಶದ ಸೋಂಕು, ಹೊಟ್ಟೆಯ ಹುಳು ಮೊದಲಾದ ದೇಹದ ಕಾಯಿಲೆಗಳೂ ಕಾರಣವಾಗಬಹುದಾದ್ದರಿಂದ ಮೊದಲು ಪಶುವೈದ್ಯರಿಗೆ ತೋರಿಸತಕ್ಕದ್ದು.

ಈಗಿನ ಕಾಲದಲ್ಲಿ ಈ ವಿವೇಚನೆ ಸುಲಭ. ಚಿತ್ರ ತೆಗೆಯುವ ಮೊಬೈಲನ್ನು ಗೂಡಿನಲ್ಲಿರಿಸಿ ಅರ್ಧ ಗಂಟೆ ಹೊರಗೆ ಹೋಗಿ ಬಂದರೆ ಸಾಕು; ಏಕೆಂದರೆ ಅಂಜಿಕೆಯ ಚಿಹ್ನೆಗಳು ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲಿಯೇ ಕಾಣಿಸಿಕೊಳ್ಳುತ್ತವೆ. ಹಾಗೆ ನೋಡಿದಾಗ ಕೆಂಚನು ನಾವು ಬೀಗದ ಕೈಯನ್ನು ಮೊಳೆಯಿಂದ ತೆಗೆದ ಕ್ಷಣದಲ್ಲಿಯೇ ಏದುಸಿರು ಬಿಡತೊಡಗಿದ್ದನು. ಬಾಗಿಲು ಹಾಕಿದ ನಾಲ್ಕನೆಯ ನಿಮಿಷದಲ್ಲಿ ಕೂಗಿದನು, ಹನ್ನೊಂದನೆಯ ನಿಮಿಷದಲ್ಲಿ ನಿಂತಲ್ಲಿಯೇ ಮೂತ್ರ ಮಾಡಿದನು. ಆ ಹನ್ನೊಂದು ನಿಮಿಷಗಳ ಚಿತ್ರವನ್ನು ನೋಡಿದ ಮೇಲೆ ಮನೆಯಲ್ಲಿ ಯಾರೂ ಹೊಳೆಯಾಚೆಯ ಮಾತನ್ನು ಎತ್ತಲಿಲ್ಲ.

ಶೌಚದ ಅಭ್ಯಾಸ

ಇವೆರಡರಲ್ಲಿ ಸುಲಭವಾದುದು ಶೌಚದ ಅಭ್ಯಾಸ. ಮರಿಯು ನಿದ್ರೆಯಿಂದ ಎದ್ದೊಡನೆ, ಊಟವಾದೊಡನೆ, ಆಟ ಮುಗಿದೊಡನೆ ವಿಸರ್ಜನೆಗೆ ಹೋಗಲು ಬಯಸುತ್ತದೆ. ಹೊಟ್ಟೆಗೆ ಆಹಾರ ಬಿದ್ದರೆ ದೊಡ್ಡ ಕರುಳು ಚಲಿಸತೊಡಗುವುದು ದೇಹದ ಸಹಜ ಧರ್ಮ. ಆ ಹೊತ್ತುಗಳಲ್ಲಿ ಅದನ್ನು ಪ್ರತಿ ಸಲವೂ ಒಂದೇ ಬಾಗಿಲಿನಿಂದ, ಹಿತ್ತಿಲಿನ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಕೆಲಸ ಮುಗಿದ ಕೂಡಲೇ, ಅಲ್ಲಿಯೇ, ಒಳ್ಳೆಯ ಮಾತಿನೊಡನೆ ಬೇಯಿಸಿದ ಮೊಟ್ಟೆಯ ಚೂರನ್ನು ಕೊಡಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದುದಕ್ಕೆ ಬಹುಮಾನವಾಗುವುದು. ಏಟಿಗೆ ಅನ್ವಯಿಸುವ ಸೆಕೆಂಡುಗಳ ಲೆಕ್ಕವು ಬಹುಮಾನಕ್ಕೂ ಅನ್ವಯಿಸುತ್ತದೆ.

ಮರಿಯು ಎಷ್ಟು ಹೊತ್ತು ತಡೆದುಕೊಂಡೀತು? ಅದರ ವಯಸ್ಸಿನ ತಿಂಗಳುಗಳ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆಗಳು ಎಂಬುದೊಂದು ಸ್ಥೂಲ ಲೆಕ್ಕವಿದೆ. ಮೂರು ತಿಂಗಳ ಮರಿಗೆ ಹಗಲಿನಲ್ಲಿ ನಾಲ್ಕು ಗಂಟೆಯೇ ಮೇಲಿನ ಮಿತಿ. ಅದಕ್ಕೆ ಮುಂಚೆಯೇ ಕರೆದೊಯ್ಯುವುದು ಲೇಸು. ಬೆಳೆದ ನಾಯಿಯನ್ನೂ ಆರರಿಂದ ಎಂಟು ಗಂಟೆಗಳಿಗಿಂತ ಹೆಚ್ಚಾಗಿ ತಡೆಯಿಸುವುದು ನ್ಯಾಯವಲ್ಲ. ನಾವು ಮೊದಲ ದಿನವೇ ಕೆಂಚನಿಂದ ಒಂಬತ್ತು ಗಂಟೆಗಳನ್ನು ಅಪೇಕ್ಷಿಸಿದ್ದೆವು!

ಮರಿಯು ಒಳಗೆ ತಪ್ಪುವುದನ್ನು ಕಣ್ಣಾರೆ ಕಂಡರೆ ಚಪ್ಪಾಳೆ ತಟ್ಟಿ ಗಮನ ಸೆಳೆದು ಹೊರಗೆ ಒಯ್ಯಬೇಕು. ಆಮೇಲೆ ಕಂಡರೆ ಬಾಯಿಮುಚ್ಚಿಕೊಂಡು ಒರಸಬೇಕು. ಒರಸುವುದರಲ್ಲಿಯೂ ಸ್ವಲ್ಪ ರಸಾಯನಶಾಸ್ತ್ರವಿದೆ. ಮೂತ್ರದಲ್ಲಿರುವ ಯೂರಿಯವನ್ನು ಬ್ಯಾಕ್ಟೀರಿಯಗಳು ಒಡೆದಾಗ ಅಮೋನಿಯ ಉಂಟಾಗುತ್ತದೆ. ಆದ್ದರಿಂದ ಅಮೋನಿಯವುಳ್ಳ ದ್ರಾವಣಗಳಿಂದ ನೆಲವನ್ನು ತೊಳೆದರೆ ಮೂತ್ರದ ವಾಸನೆಗೆ ವಾಸನೆ ಸೇರಿದಂತಾಗುವುದು. ಫಿನೈಲು ನಮ್ಮ ಮೂಗಿಗೆ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ನಾಯಿಯ ಮೂಗಿಗಲ್ಲ. ನಮ್ಮ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಸುಮಾರು 50-60 ಲಕ್ಷವಿದ್ದರೆ, ನಾಯಿಯ ಮೂಗಿನಲ್ಲಿ ಅವು 10 ಕೋಟಿಗೂ ಮೇಲ್ಪಟ್ಟಿವೆ. ಅಲ್ಲದೆ ಫಿನೈಲು ನಾಯಿಯ ನಾಲಗೆಗೆ ತಗಲುವುದು ಒಳ್ಳೆಯದೂ ಅಲ್ಲ. ಕಿಣ್ವಗಳು ಸೇರಿರುವ ಬಟ್ಟೆಯ ಸೋಪಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ತೊಳೆದು, ಅನಂತರ ಶುದ್ಧವಾದ ನೀರಿನಿಂದ ಒರಸಿದರೆ ವಾಸನೆಯ ಮೂಲವೇ ಹೋಗುತ್ತದೆ.

ಅಂಜಿಕೆಯ ಚಿಕಿತ್ಸೆ: ಮಿತಿಯೊಳಗಿನ ಎಳೆತ

ಕಷ್ಟವಾದುದು ಅಂಜಿಕೆ. ಇದರ ಚಿಕಿತ್ಸೆಯ ತತ್ತ್ವವು ಮೊದಲು ಕಂಡುಬಂದುದು ಒಂದು ಮಗುವಿನಲ್ಲಿ. ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ 1924ರಲ್ಲಿ ಪೀಟರ್ ಎಂಬ ಬಾಲಕನಿಗಿದ್ದ ಮೊಲದ ಭಯವನ್ನು ಹೋಗಲಾಡಿಸಿದ ವೃತ್ತಾಂತವನ್ನು ಪ್ರಕಟಿಸಿದಳು. ಹುಡುಗನು ತನಗೆ ಇಷ್ಟವಾದ ತಿಂಡಿಯನ್ನು ತಿನ್ನುತ್ತಿರುವಾಗ ಪಂಜರದೊಳಗಿನ ಮೊಲವನ್ನು ಅವನಿಗೆ ಭಯವಾಗದಷ್ಟು ದೂರದಲ್ಲಿ ಇಡಲಾಯಿತು. ದಿನ ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಹತ್ತಿರಕ್ಕೆ ತರಲಾಯಿತು. ಕೊನೆಗೆ ಹುಡುಗನು ಮೊಲವನ್ನು ತಾನೇ ನೇವರಿಸಿದನು.

ಭೌತವಿಜ್ಞಾನದ ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾಗುತ್ತದೆ. ಲೋಹದ ತಂತಿಗೆ ತೂಕವನ್ನು ಕಟ್ಟಿದರೆ ಅದು ಹಿಗ್ಗುತ್ತದೆ. ತೂಕವನ್ನು ತೆಗೆದರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಆದರೆ ಸ್ಥಿತಿಸ್ಥಾಪಕತ್ವದ ಮಿತಿಯನ್ನು ಮೀರಿ ಎಳೆದರೆ ತಂತಿ ಶಾಶ್ವತವಾಗಿ ವಿಕಾರಗೊಳ್ಳುತ್ತದೆ. ನಾಯಿಯ ಧೈರ್ಯಕ್ಕೂ ಅಂತಹದೊಂದು ಮಿತಿಯುಂಟು. ಅದರೊಳಗೆ ಒಂಟಿಯಾಗಿ ಬಿಟ್ಟರೆ ನಾಯಿ ತನ್ನ ಸ್ಥಿತಿಗೆ ತಾನೇ ಮರಳುತ್ತದೆ. ಮೀರಿ ಬಿಟ್ಟರೆ ಭಯವು ಒಂದೊಂದು ಸಲಕ್ಕೂ ಬಲಿಯುತ್ತದೆ. ಇಲ್ಲಿಗೆ ದೃಷ್ಟಾಂತದ ಉಪಯೋಗ ಮುಗಿಯಿತು. ತಂತಿಯ ಮಿತಿಯು ನಮ್ಮ ತಾಳ್ಮೆಯಿಂದ ಹೆಚ್ಚುವುದಿಲ್ಲ, ನಾಯಿಯದು ಹೆಚ್ಚುತ್ತದೆ.

ಮೊದಲ ಹಂತವು ಸೂಚನೆಗಳನ್ನು ನಿಷ್ಫಲಗೊಳಿಸುವುದು. ದಿನಕ್ಕೆ ಹತ್ತಾರು ಸಲ ಬೀಗದ ಕೈಯನ್ನು ತೆಗೆದು ಮತ್ತೆ ಮೊಳೆಗೆ ಹಾಕಿದೆವು. ಚಪ್ಪಲಿ ಮೆಟ್ಟಿಕೊಂಡು ಕುಳಿತು ಪತ್ರಿಕೆ ಓದಿದೆವು. ಚೀಲವನ್ನು ಹೆಗಲಿಗೇರಿಸಿ ಅಡಿಗೆಮನೆಗೆ ಹೋದೆವು. ಬೀಗದ ಕೈಯ ಸದ್ದಿನ ಹಿಂದೆ ಏನೂ ಬಾರದಿರಲು, ಅದು ಕೆಂಚನಿಗೆ ಜಲಪಾತದ ಸದ್ದಿನಂತಾಯಿತು. ಇದಕ್ಕೆ ಎರಡು ವಾರ ಹಿಡಿಯಿತು.

ಎರಡನೆಯ ಹಂತವು ಬಾಗಿಲಿನಾಚೆ ಹೋಗುವುದು. ಮೊದಲು ಐದು ಸೆಕೆಂಡು ಮಾತ್ರ ಹೋಗಿ, ಕೆಂಚನು ಕಳವಳಗೊಳ್ಳುವುದಕ್ಕೆ ಮುಂಚೆಯೇ ಒಳಗೆ ಬಂದೆವು. ಆಮೇಲೆ ಹತ್ತು, ಏಳು, ಇಪ್ಪತ್ತು, ಹನ್ನೆರಡು, ಮೂವತ್ತು, ಹೀಗೆ ಏರುತ್ತ ನಡುನಡುವೆ ಇಳಿಯುತ್ತ ಹೋದೆವು. ಸದಾ ಏರುತ್ತಲೇ ಹೋದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟವೆಂಬುದನ್ನೇ ನಾಯಿ ಕಲಿತೀತು. ಏದುಸಿರೋ ಕುಂಯ್‌ಗುಟ್ಟುವಿಕೆಯೋ ಕಂಡರೆ ಮಿತಿ ಮೀರಿತೆಂದು ತಿಳಿದು ಮರುದಿನ ಅರ್ಧಕ್ಕೆ ಇಳಿಸಿದೆವು. ಹೊರಡುವಾಗ, ಮೆತ್ತಗಿನ ಮೊಸರನ್ನವನ್ನು ಒಳಗೆ ತುಂಬಿದ ಗಟ್ಟಿ ರಬ್ಬರಿನ ಟೊಳ್ಳು ಆಟಿಕೆಯೊಂದನ್ನು ಕೊಡುತ್ತಿದ್ದೆವು. ಪೀಟರನ ತಿಂಡಿಯ ಕೆಲಸವನ್ನು ಇದು ಮಾಡಿತು. ಅಂಜಿದ ನಾಯಿ ತಿನ್ನುವುದಿಲ್ಲವಾದ್ದರಿಂದ, ತಿನ್ನದೆ ಉಳಿದ ಮೊಸರನ್ನವು ಭಯವನ್ನು ಅಳೆಯುವ ಮಾಪಕವೂ ಆಯಿತು. ಹೊರಡುವಾಗ ಅಪ್ಪಿಕೊಂಡು ಬೀಳ್ಕೊಡುವುದನ್ನೂ ಬಂದೊಡನೆ ಸಂಭ್ರಮಿಸುವುದನ್ನೂ ಬಿಟ್ಟು, ಬಂದುಹೋಗುವುದನ್ನು ಸಾಮಾನ್ಯ ಸಂಗತಿಯನ್ನಾಗಿ ಮಾಡಿದೆವು.

ಮೊದಲ ನಲವತ್ತು ನಿಮಿಷಗಳನ್ನು ಮುಟ್ಟುವುದೇ ಬಹಳ ಪ್ರಯಾಸ; ನಮಗೆ ಏಳು ವಾರಗಳಾದುವು. ಒಂದೂವರೆ ಗಂಟೆಯನ್ನು ಶಾಂತವಾಗಿ ಕಳೆಯಬಲ್ಲ ನಾಯಿಗೆ ಮುಂದಿನ ಗಂಟೆಗಳು ಬೇಗ ಕೈವಶವಾಗುತ್ತವೆ.

ಈ ಅವಧಿಯಲ್ಲಿ ಕಾಲೇಜಿಗೆ ಹೋಗುವುದು ಹೇಗೆಂದು ವಾಚಕರು ಕೇಳಬಹುದು. ಚಿಕಿತ್ಸೆ ನಡೆಯುತ್ತಿರುವಾಗ ನಾಯಿಯನ್ನು ಮಿತಿ ಮೀರಿ ಒಂಟಿಯಾಗಿ ಬಿಡಕೂಡದು. ಬಿಟ್ಟರೆ ವಾರದ ಶ್ರಮ ಒಂದು ದಿನದಲ್ಲಿ ಹಾಳಾಗುವುದು. ಪಕ್ಕದ ಮನೆಯ ಅಜ್ಜಿ ಹಗಲಿನಲ್ಲಿ ಕೆಂಚನನ್ನು ತಮ್ಮ ಜಗುಲಿಯಲ್ಲಿ ಇರಿಸಿಕೊಂಡರು. ಅವರ ಆ ಉಪಕಾರವಿಲ್ಲದಿದ್ದರೆ ಮೇಲೆ ಹೇಳಿದ ತತ್ತ್ವಗಳೆಲ್ಲ ಕಾಗದದ ಮೇಲೆಯೇ ಉಳಿಯುತ್ತಿದ್ದುವು. ಇಂತಹ ನಾಯಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದರಿಂದಲೋ ಗೂಡಿನಲ್ಲಿ ಕೂಡುವುದರಿಂದಲೋ ಭಯ ಹೆಚ್ಚುವುದು. ತಪ್ಪಿಸಿಕೊಳ್ಳಲೆಳಸಿ ಹಲ್ಲು ಮುರಿದುಕೊಳ್ಳುವ ನಾಯಿಗಳೂ ಉಂಟು.

ಭಯವು ತೀವ್ರವಾಗಿದ್ದರೆ ಔಷಧವೂ ಸಹಾಯಕ್ಕೆ ಬರುತ್ತದೆ. ಮನುಷ್ಯರ ಮನೋವ್ಯಾಧಿಗಳಿಗೆ ಕೊಡುವ ಕ್ಲೋಮಿಪ್ರಮೈನ್ ಎಂಬ ಮದ್ದನ್ನು ನಾಯಿಗಳ ಈ ಅಂಜಿಕೆಗೆ ಬಳಸಲು ಅಮೆರಿಕದಲ್ಲಿ 1998ರಲ್ಲಿಯೂ, ಫ್ಲುಯಾಕ್ಸೆಟೈನ್ ಎಂಬುದನ್ನು 2007ರಲ್ಲಿಯೂ ಅನುಮತಿಸಿದರು. ಇವು ಅಭ್ಯಾಸವನ್ನು ಸುಲಭಗೊಳಿಸುವುವೇ ಹೊರತು ಅಭ್ಯಾಸದ ಬದಲಿಗೆ ನಿಲ್ಲಲಾರವು. ಪಶುವೈದ್ಯರು ಅಳತೆ ಹೇಳದೆ ಇವನ್ನು ಎಂದಿಗೂ ಕೊಡಕೂಡದು.

ಮುನ್ನೆಚ್ಚರಿಕೆ

ಬಂದ ರೋಗವನ್ನು ಕಳೆಯುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ. ನಾಯಿಮರಿಯ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವು ಅದರ ಸ್ವಭಾವವು ರೂಪುಗೊಳ್ಳುವ ಕಾಲವೆಂದು ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷಗಳ ಪ್ರಯೋಗಗಳಿಂದ ಕಂಡುಕೊಂಡು 1965ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸದಿರುವುದು ಒಳ್ಳೆಯದು. ಮನೆಗೆ ತಂದ ಮೇಲೆ, ನಾವು ಮನೆಯಲ್ಲಿರುವಾಗಲೇ, ದಿನಕ್ಕೆ ಕೆಲವು ನಿಮಿಷ ಬೇರೆ ಕೋಣೆಯಲ್ಲಿ ಒಂಟಿಯಾಗಿರುವುದನ್ನು ಕಲಿಸಬೇಕು. ನಾವು ಕೆಂಚನಿಗೆ ಎಂಟು ತಿಂಗಳು ಈ ಪಾಠವನ್ನು ಹೇಳಿಕೊಡದೆ, ಒಂದೇ ದಿನ ಪರೀಕ್ಷೆಗೆ ಕೂರಿಸಿದೆವು. ಪಾಠ ಹೇಳುವವರು ಮಾಡತಕ್ಕ ಕೆಲಸವಲ್ಲ ಅದು.

2021ರ ಏಪ್ರಿಲಿನಲ್ಲಿ ರೋಗವು ಎರಡನೆಯ ಸಲ ಬಂದು ಊರು ಮತ್ತೆ ಮುಚ್ಚಿದಾಗ ನಾವು ಎಚ್ಚರಗೊಂಡಿದ್ದೆವು. ದಿನವೂ ಒಂದು ಗಂಟೆ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತೆವು. ಹೊರಗೆ ಹಜಾರದಲ್ಲಿ ಕೆಂಚನು ಮಲಗಿರುತ್ತಿದ್ದನು. ಕಾಲೇಜು ಪುನಃ ತೆರೆದ ದಿನ ಮೊಬೈಲಿನ ಚಿತ್ರದಲ್ಲಿ ಅವನು ಮಾಡಿದುದಿಷ್ಟು: ಮೊಸರನ್ನವನ್ನು ನೆಕ್ಕಿ ಮುಗಿಸಿದನು, ಕಿಟಕಿಯ ಬಳಿ ಒಮ್ಮೆ ನಿಂತನು, ಹೊಸ್ತಿಲಿಗೆ ತಲೆಯಿಟ್ಟು ನಿದ್ರೆಹೋದನು. ಚೌಕಟ್ಟಿನ ಮೇಲಿನ ಉಗುರಿನ ಗೀರುಗಳನ್ನು ನಾವು ಬಣ್ಣದಿಂದ ಮುಚ್ಚಿಸಲಿಲ್ಲ.

ನಾಯಿಯ ಋಣವನ್ನು ನಮ್ಮ ನಾಡು ಬಹು ಹಿಂದೆಯೇ ಕಲ್ಲಿನಲ್ಲಿ ಬರೆದಿಟ್ಟಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-950ರ ಕಾಲದ ಶಾಸನವು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗದೊರೆ ಬೂತುಗನು ತನ್ನ ವೀರನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿಯಲು, ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ನಮ್ಮ ಮನೆಯ ನಾಯಿಗಳು ಹಂದಿಯೊಡನೆ ಹೋರಾಡಬೇಕಾಗಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ನಮ್ಮನ್ನು ಕಾಯುವುದಷ್ಟೇ ಅವುಗಳ ಪಾಲಿನ ಕೆಲಸ. ಬೀಗ ಹಾಕಿಕೊಂಡು ಹೋದವರು ತಪ್ಪದೆ ಮರಳಿ ಬರುವರೆಂಬ ನಂಬಿಕೆಯನ್ನು ಅವುಗಳಿಗೆ ಸೆಕೆಂಡು ಸೆಕೆಂಡಾಗಿ ಕಲಿಸುವುದು ನಮ್ಮ ಪಾಲಿನದು.